ಎರಡನೆಯ ಸಲ ಬರೆಯುವವರ ವರ್ಷ ಯಾರದು?

ಹೊಳೆಹೊನ್ನೂರೆಂದರೆ ದೂರದವರಿಗೆ ನೆನಪಾಗುವದು ಸತ್ಯಧರ್ಮತೀರ್ಥರ ಬೃಂದಾವನ, ಭದ್ರೆಯ ತಣ್ಣೀರು, ಸಮೀಪದ ಕೂಡಲಿಯಲ್ಲಿ ತುಂಗೆಯು ಭದ್ರೆಯನ್ನು ಕೂಡುವ ಸಂಗಮ. ನಾವು ಇಂದು ಬರೆಯಹೊರಟಿರುವದು ಕ್ಷೇತ್ರಮಹಿಮೆಯನ್ನಲ್ಲ. ಆ ಊರಿನ ಒಂದು ಮನೆಯ ಜಗಲಿಯ ಮೇಲೆ ನಡೆದ ನ್ಯಾಯಪಂಚಾಯಿತಿಯನ್ನು.

ಆ ಮನೆಯ ಯಜಮಾನರಿಗೆ ಭದ್ರಾ ನಾಲೆಯ ನೀರುಂಬುವ ಸ್ವಲ್ಪ ಗದ್ದೆ, ಅದರ ಅಂಚಿಗೆ ಒಂದಿಷ್ಟು ಅಡಕೆ. ಮಗಳು ಹತ್ತನೆಯ ತರಗತಿಯ ವರೆಗೆ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲಿಯೇ ಕಲಿತವಳು. ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ಹಿಡಿದು ಶೇಕಡಾ 85ರಷ್ಟು ಅಂಕ ತೆಗೆದಳು. ಆದರೆ ಸಾಮಾನ್ಯ ಪ್ರವೇಶ ಪರೀಕ್ಷೆ, ಅರ್ಥಾತ್ ಎಲ್ಲರ ಬಾಯಲ್ಲಿರುವ ಸಿಇಟಿಯಲ್ಲಿ, ಶೇಕಡಾ 40ಕ್ಕೆ ನಿಂತಳು. ಅವಳಿಗೆ ಬೇಕಾದದ್ದು ಕೃಷಿವಿಜ್ಞಾನದ ಪದವಿ. ಅದಕ್ಕೆ ಸಾಲುವ ರ‍್ಯಾಂಕು ಬರಲಿಲ್ಲ. ಇನ್ನೊಂದು ಸಲ ಬರೆಯಬೇಕೆ, ಬಾರದೆ? ಇದಿಷ್ಟೇ ಜಗಲಿಯ ಮೇಲಿನ ಪ್ರಶ್ನೆ.

ದೊಡ್ಡಪ್ಪನವರು ಎಲೆಯಡಕೆ ಮೆಲ್ಲುತ್ತ ಹೇಳಿದರು: “ಒಂದು ಸಲ ಆಗದ್ದು ಇನ್ನೊಂದು ಸಲ ಆದೀತೇನೋ ತಮ್ಮ? ಹೆಣ್ಣುಹುಡುಗೀನ ವರ್ಷಗಟ್ಟಲೆ ಮನೇಲಿ ಕೂರಿಸಿಕೊಂಡರೆ ಊರು ಏನಂದೀತು?” ಸೋದರಮಾವನು ಅವರಿಗೆ ಅಡ್ಡ ಬಂದು, “ಭಾವ, ಮಂಗಳೂರು ಕಡೆ ಲಾಂಗ್ ಟರ್ಮಿಗೆ ಹಾಕಿಬಿಡಿ. ಲಕ್ಷದ ಮೇಲೆ ಖರ್ಚಾದೀತು. ಆದರೆ ಸೀಟು ಗ್ಯಾರಂಟಿ” ಎಂದನು. ನಿವೃತ್ತ ಉಪಾಧ್ಯಾಯರೊಬ್ಬರು ಅಲ್ಲಿಯೇ ಇದ್ದರು. ಅವರು ಎರಡೂ ಕಡೆಗೆ ತಲೆದೂಗಿದರು. ಹುಡುಗಿಯನ್ನು ಯಾರೂ ಕೇಳಲಿಲ್ಲ. ಅವಳು ಒಳಗೆ ಕಾಫಿ ಸೋಸುತ್ತಿದ್ದಳು. ಇದೇ ಮನೆಯಲ್ಲಿ ಅವಳ ಅಣ್ಣನಿಗೆ ವೈದ್ಯಕೀಯದ ನೀಟ್ ಪರೀಕ್ಷೆಗಾಗಿ ಎರಡು ವರ್ಷಗಳನ್ನು ಕೊಡಲಾಗಿತ್ತೆಂಬದೂ, ಆಗ ಯಾವ ಪಂಚಾಯಿತಿಯೂ ಸೇರಿರಲಿಲ್ಲವೆಂಬದೂ ನಮಗೆ ಆಮೇಲೆ ತಿಳಿಯಿತು.

ಈ ಮೂರು ತೀರ್ಪುಗಳ ವಿರುದ್ಧವಾಗಿಯೇ ನಮ್ಮ ಲೇಖನಿ. ‘ಒಮ್ಮೆ ಬಿದ್ದವರು ಬಿದ್ದರು’ ಎಂಬ ತೀರ್ಪು ಕ್ರೂರವಾದದ್ದು. ‘ಹಣ ಸುರಿದರೆ ಆಯಿತು’ ಎಂಬ ತೀರ್ಪು ಮೋಸದ್ದು. ಎರಡಕ್ಕೂ ತಲೆದೂಗುವ ಉಪಾಧ್ಯಾಯನದು ಎಲ್ಲಕ್ಕಿಂತ ಹೆಚ್ಚು ಅಪಾಯಕರವಾದದ್ದು, ಏಕೆಂದರೆ ಆ ಜಗಲಿಯ ಮೇಲೆ ವಿಷಯವನ್ನು ಬಲ್ಲವನು ಅವನೊಬ್ಬನೇ.

ಮೊದಲಾಗಿ, ಈ ಒಂದು ಪರೀಕ್ಷೆ ನಮ್ಮ ಸೀಮೆಯಲ್ಲಿ ಇಷ್ಟು ಭಾರವಾದದ್ದು ಹೇಗೆ? ಭದ್ರಾವತಿಯ ಕಡೆಗೆ ನೋಡಬೇಕು. 1918ರಲ್ಲಿ ಮೈಸೂರು ಸರಕಾರವು ಕೈಕೊಂಡ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗಿತು. ವಿಶ್ವೇಶ್ವರಯ್ಯನವರು ಅದಕ್ಕಾಗಿ ಬೆವರು ಸುರಿಸಿದರು. ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆ ಬಂದಿತು. ಎರಡು ತಲೆಮಾರುಗಳ ಕಾಲ ಹೊಳೆಹೊನ್ನೂರು ಹೋಬಳಿಯ ಹುಡುಗನೊಬ್ಬನು ಮೆಟ್ರಿಕ್ ಮುಗಿಸಿದರೆ, ಅಥವಾ ಮುಗಿಸದಿದ್ದರೂ, ಸೈಕಲ್ ಹತ್ತಿ ಹೋಗಿ ಸಂಬಳ ತರುವ ಒಂದು ಬಾಗಿಲು ತೆರೆದಿತ್ತು. ಕಾಗದದ ಕಾರ್ಖಾನೆಯು 2015ರ ಸುಮಾರಿಗೆ ಉತ್ಪಾದನೆಯನ್ನು ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಹೊರಬಿದ್ದಿತು. ಕಾರ್ಮಿಕರು ಗೇಟಿನ ಮುಂದೆ ಕುಳಿತು ಹೋರಾಡಬೇಕಾಯಿತು. ಒಂದು ಊರಿನಲ್ಲಿ ಹತ್ತು ಬಾಗಿಲುಗಳಿದ್ದಾಗ ಒಂದು ಬಾಗಿಲು ಮುಚ್ಚಿದರೆ ಯಾರೂ ಅಳುವದಿಲ್ಲ. ಒಂದೇ ಬಾಗಿಲು ಉಳಿದಾಗ ಅದರ ಕೀಲಿಕೈ ದೇವರಾಗುತ್ತದೆ. ಹದಿನೆಂಟು ವರ್ಷದ ಹುಡುಗರು ಎಂಬತ್ತು ನಿಮಿಷಗಳಲ್ಲಿ ಅರುವತ್ತು ಪ್ರಶ್ನೆಗಳಿಗೆ ಗುರುತು ಹಾಕುವ ಆ ಕಾಗದವು ನಮ್ಮಲ್ಲಿ ಇಂದು ಅಂಥ ದೇವರಾಗಿ ಕುಳಿತಿದೆ.

ಇನ್ನು ದೊಡ್ಡಪ್ಪನವರ ಮಾತು. ಒಂದು ಸಲ ಆಗದ್ದು ಇನ್ನೊಂದು ಸಲ ಆಗಲಾರದೆಂದು ಅವರಿಗೆ ಯಾವ ಶಾಸ್ತ್ರ ಹೇಳಿತು? ಜಪಾನಿನಲ್ಲಿ ವಿಶ್ವವಿದ್ಯಾಲಯದ ಪ್ರವೇಶಕ್ಕಾಗಿ ಮತ್ತೊಂದು ವರ್ಷ ಓದುವ ಹುಡುಗರನ್ನು ‘ರೋನಿನ್’ ಎಂದು ಕರೆಯುವ ವಾಡಿಕೆಯುಂಟು. ಒಡೆಯನನ್ನು ಕಳೆದುಕೊಂಡ ಯೋಧನ ಹೆಸರದು. ಹೆಸರಿನಲ್ಲಿ ಕಷ್ಟವಿದೆ, ಆದರೆ ಅವಮಾನವಿಲ್ಲ. ನಮ್ಮಲ್ಲಿಯೋ ‘ರಿಪೀಟರ್’ ಎಂಬ ಶಬ್ದವನ್ನು ಜೇಬುಗಳ್ಳ ಎಂಬಂತೆ ಉಚ್ಚರಿಸುತ್ತೇವೆ.

ನಮ್ಮ ಹುಡುಗಿಯ ಸ್ಥಿತಿಯನ್ನೇ ವಿಚಾರಿಸಿರಿ. ಹತ್ತು ವರ್ಷ ಅವಳು ದ್ಯುತಿಸಂಶ್ಲೇಷಣೆ ಎಂದು ಕಲಿತಳು, ವೇಗೋತ್ಕರ್ಷ ಎಂದು ಕಲಿತಳು, ಲಘುತಮ ಸಾಮಾನ್ಯ ಅಪವರ್ತ್ಯ ಎಂದು ಕಲಿತಳು. ಹನ್ನೊಂದನೆಯ ವರ್ಷದ ಜೂನ್ ತಿಂಗಳಲ್ಲಿ ಒಂದು ಸೋಮವಾರ ಬೆಳಿಗ್ಗೆ ಆ ಎಲ್ಲ ಶಬ್ದಗಳನ್ನು ಬಾಗಿಲಲ್ಲಿ ಕಳಚಿಟ್ಟು ಒಳಗೆ ಬರಲು ಹೇಳಿದರು. ಅರ್ಧ ವರ್ಷ ಅವಳು ಭೌತವಿಜ್ಞಾನವನ್ನಲ್ಲ, ಭೌತವಿಜ್ಞಾನದ ಇಂಗ್ಲಿಷನ್ನು ಓದಿದಳು. ಪಟ್ಟಣದ ಇಂಗ್ಲಿಷ್ ಶಾಲೆಯ ಹುಡುಗನಿಗೆ ಎರಡು ವರ್ಷ ಪೂರ್ತಿ ಸಿಕ್ಕವು, ಇವಳಿಗೆ ಒಂದೂವರೆ. ಇವಳು ಈಗ ಕೇಳುತ್ತಿರುವ ಒಂದು ವರ್ಷವು ಅವಳಿಗೆ ನಾಡು ಕೊಡಬೇಕಾಗಿರುವ ಸಾಲ, ಭಿಕ್ಷೆಯಲ್ಲ. ಕನ್ನಡದಲ್ಲಿ ಕಲಿತವರಿಗೆ ಶೇಕಡಾ 5, ಹಳ್ಳಿಯಲ್ಲಿ ಕಲಿತವರಿಗೆ ಶೇಕಡಾ 15 ಎಂದು ಸೀಟುಗಳನ್ನು ಮೀಸಲಿಟ್ಟಿರುವದು ಈ ಸಾಲವನ್ನು ಸರಕಾರವೇ ಒಪ್ಪಿಕೊಂಡಿರುವದಕ್ಕೆ ಸಾಕ್ಷಿ. ಆ ಮೀಸಲು ಪಡೆಯಲು ಒಂದರಿಂದ ಹತ್ತರ ವರೆಗಿನ ವ್ಯಾಸಂಗದ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ರುಜು ಬೇಕು. ರುಜುವಿಲ್ಲದ ಕಾಗದದಿಂದ ಹಕ್ಕನ್ನು ಕಳೆದುಕೊಂಡ ಮನೆಗಳು ನಮ್ಮ ಹೋಬಳಿಯಲ್ಲಿ ಇಲ್ಲವೆಂದು ಯಾವ ಮುಖ್ಯೋಪಾಧ್ಯಾಯರಾದರೂ ಎದೆ ಮುಟ್ಟಿ ಹೇಳಲಿ.

ಇಲ್ಲಿ ಒಂದು ಮಾತು ಬೇರೆ ದಿಕ್ಕಿನದು. ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆಯು 2017ರಿಂದ ಕನ್ನಡದಲ್ಲಿಯೂ ದೊರೆಯಲು ಮೊದಲಾಯಿತು. ಅದನ್ನು ಆರಿಸಿಕೊಂಡವರು ಮಾತ್ರ ಅತ್ಯಲ್ಪ. ಇದನ್ನು ಹಿಡಿದು ‘ಕನ್ನಡಕ್ಕೆ ಬೇಡಿಕೆಯಿಲ್ಲ’ ಎಂದು ಹಲ್ಲು ಕಿರಿಯುವವರಿದ್ದಾರೆ. ಎರಡು ವರ್ಷ ಪಾಠವನ್ನು ಇಂಗ್ಲಿಷಿನಲ್ಲಿ ಹೇಳಿ ಪ್ರಶ್ನೆಯನ್ನು ಮಾತ್ರ ಕನ್ನಡದಲ್ಲಿ ಕೊಟ್ಟರೆ ಯಾವ ಮಗು ಅದನ್ನು ಮುಟ್ಟೀತು? ಕಾಲು ಕಟ್ಟಿ ಓಟದ ಬಹುಮಾನ ತೋರಿಸಿದಂತಾಯಿತು.

ಜಗಲಿಯ ಮೇಲೆ ಯಾರೋ ಒಬ್ಬರು ಸಮಾಧಾನಕ್ಕೆಂದು ಶ್ರೀನಿವಾಸ ರಾಮಾನುಜನ್ನರ ಹೆಸರನ್ನೂ ಎತ್ತಿದರು. ಅವರೂ ಎಫ್.ಎ. ಪರೀಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಿದ್ದವರೇ, ಗಣಿತವನ್ನುಳಿದು ಮಿಕ್ಕ ವಿಷಯಗಳನ್ನು ಅವರು ಲಕ್ಷಿಸಲಿಲ್ಲ, ನಿಜ. ಆದರೆ ಆ ಕಥೆಯನ್ನು ಸಮಾಧಾನವೆಂದು ಹೇಳುವವರು ಅದನ್ನು ತಲೆಕೆಳಗಾಗಿ ಓದಿದ್ದಾರೆ. ಅಂಥ ಮೇಧಾವಿಯು ಮದರಾಸಿನ ಬಂದರಿನ ಕಚೇರಿಯಲ್ಲಿ ಗುಮಾಸ್ತನಾಗಿ ಕುಳಿತು ಕೇಂಬ್ರಿಜ್ಜಿಗೆ ಕಾಗದ ಬರೆಯಬೇಕಾಗಿ ಬಂದದ್ದು ಪರೀಕ್ಷೆಯ ಹಿರಿಮೆಯಲ್ಲ, ಪರೀಕ್ಷೆಯ ನಾಚಿಕೆ. ಹಾರ್ಡಿಯು ಎಲ್ಲರಿಗೂ ಉತ್ತರ ಬರೆಯುವದಿಲ್ಲ.

ಇನ್ನು ಸರಕಾರದ ವಿಷಯಕ್ಕೆ ಬರೋಣ. ಇಲ್ಲಿ ನಾವು ಸ್ವಲ್ಪ ದೀರ್ಘವಾಗಿ ಹೇಳಬೇಕಾಗಿದೆ, ವಾಚಕರು ಸಹಿಸಬೇಕು.

ಎರಡನೆಯ ಸಲ ಬರೆಯುವ ಹುಡುಗನು ಒಂದು ವರ್ಷವನ್ನು ಮುಂಗಡವಾಗಿ ತೆತ್ತವನು. ಆದುದರಿಂದ ಅವನಿಗೆ ಮೊದಲೇ ತಿಳಿಯಬೇಕಾದದ್ದು ಆಟದ ನಿಯಮ. ಕರ್ನಾಟಕದಲ್ಲಿ ಏನು ನಡೆಯಿತು? 2021ರಲ್ಲಿ ಮಹಾಮಾರಿಯ ದೆಸೆಯಿಂದ ದ್ವಿತೀಯ ಪದವಿಪೂರ್ವ ಪರೀಕ್ಷೆ ನಡೆಯಲಿಲ್ಲ. ಹತ್ತನೆಯ ತರಗತಿಯ ಅಂಕಗಳಿಂದ 45, ಪ್ರಥಮ ಪದವಿಪೂರ್ವದಿಂದ 45, ಆಂತರಿಕ ಮೌಲ್ಯಮಾಪನದಿಂದ 10 ಪಾಲು ಹಿಡಿದು ಎಲ್ಲರನ್ನೂ ಉತ್ತೀರ್ಣರೆಂದು ಸಾರಿದರು. ಎರಡು ಸಾವಿರಕ್ಕೂ ಮಿಕ್ಕಿದವರಿಗೆ 600ಕ್ಕೆ 600 ಬಂದಿತು. ಆ ವರ್ಷ ಸಿಇಟಿಯ ಅಂಕ ಒಂದನ್ನೇ ಹಿಡಿದು ರ‍್ಯಾಂಕು ಕೊಟ್ಟರು. ತಕ್ಕ ಸೀಟು ದೊರೆಯದ ಸಾವಿರಾರು ಮಕ್ಕಳು ‘ಇನ್ನೊಂದು ವರ್ಷ’ ಎಂದು ನಿರ್ಧರಿಸಿದರು. 2022ರ ಜೂನ್ 16ರಿಂದ 18ರ ವರೆಗೆ ಮತ್ತೆ ಬರೆದರು. ಆ ವರ್ಷ ಹಳೆಯ ಪದ್ಧತಿ ಮರಳಿತ್ತು: ಪದವಿಪೂರ್ವ ಅಂಕದ ಅರ್ಧ, ಸಿಇಟಿಯ ಅರ್ಧ.

ಜುಲೈ 30ರಂದು ಫಲಿತಾಂಶ ಬಂದಾಗ 2021ರ ತಂಡದ ಸುಮಾರು 24,000 ಮಕ್ಕಳಿಗೆ ಅವರ ಪದವಿಪೂರ್ವ ಅಂಕಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲವೆಂದು ತಿಳಿಯಿತು. ಹೊಸಬರಿಗೆ ಅರ್ಧಕ್ಕರ್ಧ; ಇವರಿಗೆ ಸಿಇಟಿ ಮಾತ್ರ. ಹೋದ ವರ್ಷಕ್ಕಿಂತ ಚೆನ್ನಾಗಿ ಬರೆದವರು ಹೋದ ವರ್ಷಕ್ಕಿಂತ ಬಹಳ ಕೆಳಗೆ ಬಿದ್ದರು. ಮಕ್ಕಳು ಬೆಂಗಳೂರಿನ ಪ್ರಾಧಿಕಾರದ ಬಾಗಿಲಲ್ಲಿ ಕೂಗಿದರು. ಕೂಗಿಗೆ ಉತ್ತರ ದೊರೆಯದೆ ಉಚ್ಚ ನ್ಯಾಯಾಲಯಕ್ಕೆ ಹೋದರು. ಸೆಪ್ಟೆಂಬರ್ 3ರಂದು ಏಕಸದಸ್ಯ ಪೀಠವು ಪ್ರಾಧಿಕಾರದ ಟಿಪ್ಪಣಿಯನ್ನು ರದ್ದುಪಡಿಸಿ, ಅವರಿಗೂ ಅರ್ಧಕ್ಕರ್ಧ ಲೆಕ್ಕ ಹಾಕಬೇಕೆಂದಿತು. ಸರಕಾರ ಮೇಲ್ಮನವಿ ಹೋಯಿತು. ಕಟ್ಟಕಡೆಗೆ ವಿಭಾಗೀಯ ಪೀಠದ ಮುಂದೆ ಒಂದು ರಾಜಿಸೂತ್ರ ಒಪ್ಪಿತವಾಯಿತು: ಪರೀಕ್ಷೆಯಿಲ್ಲದೆ ದೊರೆತ ಪದವಿಪೂರ್ವ ಅಂಕಗಳಲ್ಲಿ ವಿಷಯಕ್ಕೆ ಸರಾಸರಿ ಆರು ಅಂಕ ಕಳೆದು ಉಳಿದದ್ದನ್ನು ಎಣಿಸುವದು. ಅಕ್ಟೋಬರ್ 1ರಂದು ಹೊಸ ರ‍್ಯಾಂಕುಪಟ್ಟಿ ಬಂದಿತು. ಅಷ್ಟು ಹೊತ್ತಿಗೆ ಕಾಲೇಜುಗಳಲ್ಲಿ ಗಂಟೆ ಬಾರಿಸಬೇಕಾದ ಕಾಲ ಮೀರಿ ಹೋಗಿತ್ತು.

ಹೊಸಬರ ದೂರೂ ಪೊಳ್ಳಾಗಿರಲಿಲ್ಲವೆಂದು ನಾವು ಒಪ್ಪುತ್ತೇವೆ. ಬರೆಯದೆ ಬಂದ ಅಂಕವನ್ನು ಬರೆದು ತೆಗೆದ ಅಂಕದೊಡನೆ ತೂಗಿದರೆ ತಕ್ಕಡಿ ಒಂದು ಕಡೆಗೆ ವಾಲುವದು ಸಹಜ. ಆರು ಅಂಕಗಳ ಸೂತ್ರವೂ ಅನ್ಯಾಯದ್ದಲ್ಲ. ನಮ್ಮ ಆಕ್ಷೇಪವೆಂದರೆ, ಆ ಸೂತ್ರವನ್ನು 2021ರ ಅಕ್ಟೋಬರಿನಲ್ಲಿ ಕಂಡುಹಿಡಿಯಲು ಏನು ಅಡ್ಡಿಯಿತ್ತು? ಮಹಾಮಾರಿಯ ವರ್ಷದ ಮಕ್ಕಳಲ್ಲಿ ಕೆಲವರು ಮರಳಿ ಬರೆಯುವರೆಂಬದನ್ನು ತಿಳಿಯಲು ಜ್ಯೋತಿಷ್ಯ ಬೇಕಾಗಿರಲಿಲ್ಲ. ಅಂದೇ ಒಂದು ಪುಟದ ಪ್ರಕಟಣೆಯನ್ನು ಪ್ರತಿಯೊಂದು ಕಾಲೇಜಿನ ಫಲಕಕ್ಕೆ ಅಂಟಿಸಿದ್ದರೆ, ಬರೆಯುವವರು ತಿಳಿದು ಬರೆಯುತ್ತಿದ್ದರು, ಬಿಡುವವರು ತಿಳಿದು ಬಿಡುತ್ತಿದ್ದರು. ಸರಕಾರವು ಹನ್ನೊಂದು ತಿಂಗಳು ನಿದ್ರಿಸಿ, ಹನ್ನೆರಡನೆಯ ತಿಂಗಳಲ್ಲಿ ಮಕ್ಕಳನ್ನು ನ್ಯಾಯಾಲಯದ ಮೆಟ್ಟಿಲ ಮೇಲೆ ಎಚ್ಚರಿಸಿತು.

ಇದು ಒಂದು ವರ್ಷದ ಆಕಸ್ಮಿಕವೆನ್ನುವಿರಾ? 2024ರ ಏಪ್ರಿಲ್ ತಿಂಗಳ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗಗಳಿಂದಲೇ ಪ್ರಶ್ನೆಗಳು ಬಂದವು. ಗದ್ದಲವೆದ್ದ ಮೇಲೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಟ್ಟರು. ಆ ಐವತ್ತರ ಮೇಲೆ ಹೆಣಗಿ ಹೊತ್ತು ಕಳೆದ ಮಗುವಿಗೆ ಆ ನಿಮಿಷಗಳನ್ನು ಯಾರು ಮರಳಿಸಿದರು? ಅದೇ ವರ್ಷದ ನೀಟ್ ಪರೀಕ್ಷೆಯಲ್ಲಿ ಹೊತ್ತು ನಷ್ಟವಾಯಿತೆಂದು 1,563 ಮಂದಿಗೆ ಕೃಪಾಂಕ ಕೊಟ್ಟು, ಆಮೇಲೆ ಕಿತ್ತುಕೊಂಡು, ಜೂನ್ 23ರಂದು ಬೇಕಾದರೆ ಮತ್ತೆ ಬರೆಯಿರಿ ಎಂದರು. ನಿರ್ಧರಿಸಲು ಅವರಿಗೆ ದೊರೆತದ್ದು ಹತ್ತು ದಿನ. 813 ಮಂದಿ ಬರೆದರು. ಉಳಿದ 750 ಮಂದಿ ಬರೆಯಲಿಲ್ಲ. ಐಐಟಿಗಳ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯವರಂತೂ ಎಲ್ಲರನ್ನೂ ಮೀರಿಸಿದರು. 2024ರ ನವೆಂಬರ್ 5ರಂದು, ಎರಡು ಸಲಕ್ಕೆ ಬದಲಾಗಿ ಮೂರು ಸಲ ಬರೆಯಬಹುದೆಂದು ಸಾರಿದರು. ಅದೇ ತಿಂಗಳಿನಲ್ಲಿಯೇ ಮಾತನ್ನು ಹಿಂತೆಗೆದುಕೊಂಡರು. ಆ ಮಾತನ್ನು ನಂಬಿ ಸೇರಿದ್ದ ಕಾಲೇಜನ್ನು ಬಿಟ್ಟ ಹುಡುಗರಿಗೆ ಪರೀಕ್ಷೆಗೆ ಕೂಡಲು ಅವಕಾಶ ಕೊಡಿರೆಂದು 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು.

ಹದಿನೆಂಟರ ಹರೆಯದವರಿಗೆ ‘ದೃಢನಿರ್ಧಾರ ಮಾಡಿರಿ’ ಎಂದು ಉಪದೇಶಿಸುವ ಹಿರಿಯರು ಹದಿಮೂರು ದಿನ ತಮ್ಮ ನಿರ್ಧಾರದ ಮೇಲೆ ನಿಲ್ಲಲಾರರು. ಆದಕಾರಣ ನಮ್ಮ ಬೇಡಿಕೆ ಒಂದೇ, ಅದು ಸಣ್ಣದೇ: ಈ ವರ್ಷ ಸೀಟು ಸಿಕ್ಕದವರು ಮುಂದಿನ ವರ್ಷ ಬರೆದರೆ ಅವರ ಯಾವ ಅಂಕವನ್ನು ಎಷ್ಟು ಪಾಲು ಹಿಡಿಯಲಾಗುವದು, ಪಠ್ಯ ಯಾವದು, ಎಷ್ಟು ಸಲ ಬರೆಯಬಹುದು, ಇವನ್ನು ಸೀಟು ಹಂಚಿಕೆಯ ಮೊದಲ ಸುತ್ತು ಮುಗಿಯುವದಕ್ಕೆ ಮುಂಚೆ ಕನ್ನಡದಲ್ಲಿ ಅಚ್ಚು ಹಾಕಿಸಿ, ಒಂದು ಸಲ ಅಚ್ಚಾದದ್ದನ್ನು ಆ ವರ್ಷ ಬದಲಿಸಬಾರದು. ಗದ್ದೆಯ ಗೇಣಿ ಕರಾರಿಗೆ ಇರುವ ಮರ್ಯಾದೆಯಾದರೂ ಮಕ್ಕಳ ವರ್ಷಕ್ಕೆ ಇರಲಿ. ಮಂಜೇಶ್ವರ, ಕಾಸರಗೋಡುಗಳ ಕನ್ನಡ ಮಕ್ಕಳ ಪಾಡು ಇನ್ನೂ ಬೇರೆ. 1956ರಲ್ಲಿ ನಾಡು ಒಂದಾದಾಗ ಹೊರಗುಳಿದ ಆ ಸೀಮೆಯವರು ಗಡಿನಾಡ ಕನ್ನಡಿಗರೆಂದು ಇಲ್ಲಿ ಸೀಟು ಕೇಳಬೇಕಾದರೆ ಕನ್ನಡ ಬಲ್ಲೆವೆಂಬದಕ್ಕೆ ಪ್ರತ್ಯೇಕ ಪರೀಕ್ಷೆಯನ್ನೂ ಕೊಡಬೇಕು. ಎರಡು ರಾಜ್ಯಗಳ ನಿಯಮಗಳು ಬದಲಾಗುವದನ್ನು ಅವರು ಏಕಕಾಲಕ್ಕೆ ಕಾಯಬೇಕು. ಅವರ ವಿಷಯವನ್ನು ಬೇರೆ ಲೇಖನದಲ್ಲಿಯೇ ಬರೆಯಬೇಕು.

ಸೋದರಮಾವನ ‘ಗ್ಯಾರಂಟಿ’ಗೆ ಬರೋಣ. ಜೂನ್ ತಿಂಗಳ ಪತ್ರಿಕೆಗಳ ಮೊದಲ ಪುಟದಲ್ಲಿ ಅಂಚೆಚೀಟಿಯಷ್ಟು ಅಗಲದ ನೂರು ಮುಖಗಳು ನಗುತ್ತಿರುತ್ತವೆ, ಒಂದೊಂದರ ಕೆಳಗೆ ಒಂದೊಂದು ರ‍್ಯಾಂಕು. ಆ ಕೋಣೆಗಳಲ್ಲಿ ವರ್ಷವಿಡೀ ಕುಳಿತು ರ‍್ಯಾಂಕು ಬಾರದೆ ಎದ್ದುಹೋದವರ ಮುಖಗಳನ್ನು ಯಾವ ಪುಟದಲ್ಲಿ ಅಚ್ಚು ಹಾಕಿದ್ದಾರೆ? ಹತ್ತು ಮೂಟೆ ಬಿತ್ತಿ ಒಂದು ತೆನೆಯನ್ನು ಜಾತ್ರೆಯಲ್ಲಿ ಮೆರೆಸುವ ಬೇಸಾಯಗಾರನನ್ನು ನಮ್ಮ ರೈತರು ನಂಬುವರೇ? ರಾಜಸ್ಥಾನದ ಕೋಟಾ ನಗರವು ಈ ವ್ಯಾಪಾರದ ರಾಜಧಾನಿ. 2023ರ ಒಂದೇ ವರ್ಷದಲ್ಲಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆಡಳಿತದವರು ವಿದ್ಯಾರ್ಥಿನಿಲಯಗಳ ಫ್ಯಾನುಗಳಿಗೆ ಸ್ಪ್ರಿಂಗು ಹಾಕಿಸಿದರು. ಮಗು ಬೇಡವೆಂದರೂ ಮನೆಯ ಮರ್ಯಾದೆಗಾಗಿ ಮೂರನೆಯ, ನಾಲ್ಕನೆಯ ಸಲಕ್ಕೆ ನೂಕುವ ತಂದೆತಾಯಿಗಳು ಆ ಸ್ಪ್ರಿಂಗನ್ನು ಒಂದು ಗಳಿಗೆ ನೆನೆಯಬೇಕು.

2024ರ ಜನವರಿಯಲ್ಲಿ ಕೇಂದ್ರ ಸರಕಾರವು ಇಂಥ ತರಬೇತಿ ಕೇಂದ್ರಗಳಿಗಾಗಿ ಮಾರ್ಗಸೂಚಿಗಳನ್ನು ಹೊರಡಿಸಿತು. ರ‍್ಯಾಂಕಿನ ಭರವಸೆ ಕೊಡಬಾರದು. ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು ಹಿಂದಿರುಗಿಸಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು. ಹಣ ಕಟ್ಟುವ ತಂದೆಯರು ಇಷ್ಟನ್ನಾದರೂ ತಿಳಿದು ಹೋಗಬೇಕು. ‘ಗ್ಯಾರಂಟಿ’ ಎಂಬ ಮಾತು ಬಾಯಿಂದ ಬಂದರೆ ಬರೆದುಕೊಡಿ ಎಂದು ಕೇಳಬೇಕು; ಬರೆದುಕೊಡಲಾರರು.

ಹಾಗಾದರೆ ಬರೆಯಬೇಕೋ ಬಾರದೋ? ಉಪಾಧ್ಯಾಯ ಮಹಾಶಯರೇ, ಇಲ್ಲಿ ತಲೆದೂಗಿದರೆ ಸಾಲದು, ಸೀಸದಕಡ್ಡಿ ಹಿಡಿಯಬೇಕು. ನಮ್ಮ ಹುಡುಗಿಯ ಲೆಕ್ಕವನ್ನೇ ಮಾಡೋಣ. ನಾಲ್ಕು ವಿಷಯಗಳ ಪದವಿಪೂರ್ವ ಅಂಕ 400ಕ್ಕೆ 340, ಅಂದರೆ ಶೇಕಡಾ 85. ಅದರ ಅರ್ಧ 42.5. ಸಿಇಟಿಯಲ್ಲಿ 240ಕ್ಕೆ 96, ಅಂದರೆ ಶೇಕಡಾ 40, ಅರ್ಧ 20. ಒಟ್ಟು 62.5. ಮುಂದಿನ ವರ್ಷ ಸಿಇಟಿಯಲ್ಲಿ ವಿಷಯಕ್ಕೆ ಒಂಬತ್ತೇ ಉತ್ತರ ಹೆಚ್ಚು ಸರಿಯಾದರೆ 132 ಆಗುವದು. ಶೇಕಡಾ 55, ಅರ್ಧ 27.5, ಒಟ್ಟು 70. ತಪ್ಪು ಉತ್ತರಕ್ಕೆ ಸಿಇಟಿಯಲ್ಲಿ ಅಂಕ ಕಳೆಯುವ ಪದ್ಧತಿಯಿಲ್ಲ. ಈ ಲೆಕ್ಕದಲ್ಲಿ ಕಾಣುವದೇನು? ಎಂಬತ್ತೈದಕ್ಕೂ ನಲವತ್ತಕ್ಕೂ ನಡುವಿನ ಕಂದಕವು ಅಜ್ಞಾನದ್ದಲ್ಲ. ವಿಷಯ ಅವಳಿಗೆ ಗೊತ್ತು. ಗಡಿಯಾರ ನೋಡಿಕೊಂಡು ಗುರುತು ಹಾಕುವ ರೂಢಿ ಇಲ್ಲ. ರೂಢಿ ಒಂದು ವರ್ಷದಲ್ಲಿ ಬರುವ ವಸ್ತು. ಇಂಥವಳು ಬರೆಯಲೇಬೇಕು.

ಪದವಿಪೂರ್ವದಲ್ಲಿಯೇ ಶೇಕಡಾ 60, ಸಿಇಟಿಯಲ್ಲಿ 35 ಬಂದ ಹುಡುಗನ ಮಾತು ಬೇರೆ. ಅವನು ಅದೇ ಹದಿನೈದು ಪಾಲು ಏರಿದರೂ ಒಟ್ಟು 47.5ರಿಂದ 55ಕ್ಕೆ ನಿಲ್ಲುವನು. ಅವನ ಕಂದಕವು ಸಿಇಟಿಯಲ್ಲಲ್ಲ, ಬುನಾದಿಯಲ್ಲಿದೆ. ಪದವಿಪೂರ್ವ ಪರೀಕ್ಷೆಯನ್ನೇ ಒಂದು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆದು ಮೇಲಾದ ಅಂಕವನ್ನು ಉಳಿಸಿಕೊಳ್ಳುವ ಪದ್ಧತಿಯು 2024ರಲ್ಲಿ ಬಂದಿತು. ಅವನು ಮೊದಲು ಆ ದಾರಿಯನ್ನು ನೋಡಬೇಕಾಗಿತ್ತು. ಲಕ್ಷ ಸುರಿದು ಅವನನ್ನು ಮಂಗಳೂರಿಗೆ ಅಟ್ಟುವದು ಅವನ ಹಿತಕ್ಕಲ್ಲ, ತಂದೆಯ ಮೀಸೆಗೆ. ವಿಜ್ಞಾನವನ್ನು ಯಾರದೋ ಒತ್ತಾಯಕ್ಕೆ ಹಿಡಿದಿದ್ದರೆ, ಬಿಟ್ಟುಬಿಡುವದರಲ್ಲಿಯೂ ಪೌರುಷವಿದೆ. ಒಳ್ಳೆಯ ಪಾಲಿಟೆಕ್ನಿಕ್ಕು ಕೆಟ್ಟ ಇಂಜಿನಿಯರಿಂಗ್ ಕಾಲೇಜಿಗಿಂತ ಮೇಲೆಂದು ನಮ್ಮ ಖಚಿತವಾದ ಅಭಿಪ್ರಾಯ, ಒಪ್ಪದವರು ಒಪ್ಪದಿರಲಿ.

ಬರೆಯುವವರು ಮನೆಯಲ್ಲಿ ಸುಮ್ಮನೆ ಕೂಡಬೇಕೆಂದೇನೂ ಇಲ್ಲ. ಶಿವಮೊಗ್ಗೆಯ ಸಹ್ಯಾದ್ರಿ ವಿಜ್ಞಾನ ಕಾಲೇಜಿಗೆ ಬಿ.ಎಸ್ಸಿ.ಗೆ ಸೇರಿ, ಬಸ್ಸಿನಲ್ಲಿ ಹೋಗಿ ಬಂದು, ಸಂಜೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಮತ್ತೆ ಬರೆಯಬಹುದು. ರ‍್ಯಾಂಕು ಬಂದರೆ ಬಂತು. ಬಾರದಿದ್ದರೆ ಒಂದು ವರ್ಷದ ಪದವಿ ಕೈಯಲ್ಲಿ ಉಳಿಯಿತು. ಹಣೆಬರಹ, ಲಕ್ಷ ರೂಪಾಯಿ, ಈ ಎರಡರ ನಡುವೆ ಇಂಥದೊಂದು ದಾರಿಯಿದೆಯೆಂದು ಜಗಲಿಯ ಮೇಲೆ ಯಾರಿಗೂ ಹೊಳೆಯದಿದ್ದದ್ದು ಆಶ್ಚರ್ಯ. ಪ್ರತಿಯೊಂದು ಹೋಬಳಿಯ ಪ್ರೌಢಶಾಲೆಯಲ್ಲಿ ಸಂಜೆ ಎರಡು ಗಂಟೆ ಒಂದು ಕೋಣೆಯ ದೀಪ ಉರಿಸಿ, ಇಬ್ಬರು ಉಪಾಧ್ಯಾಯರು ಕುಳಿತರೆ, ಮಂಗಳೂರಿನ ಅರ್ಧ ಕೆಲಸ ಹೊಳೆಹೊನ್ನೂರಿನಲ್ಲಿಯೇ ಆದೀತು. ಶಿವಮೊಗ್ಗೆಯಲ್ಲಿ ಕೆಳದಿ ಶಿವಪ್ಪನಾಯಕನ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಕಟ್ಟಿದೆವು. ಆ ಬಾಗಿಲ ವರೆಗೆ ಗದ್ದೆಯ ಮಗಳನ್ನು ಕರೆದೊಯ್ಯುವ ಒಂದು ದೀಪದ ಎಣ್ಣೆಗೆ ಲೋಭ ಮಾಡುತ್ತೇವೆ.

ಊರು ಏನಂದೀತೆಂಬ ಮಾತು ಉಳಿಯಿತು. ಅಣ್ಣನು ಎರಡು ವರ್ಷ ಓದುವಾಗ ಊರು ‘ಡಾಕ್ಟರಾಗ್ತಾನೆ’ ಎಂದಿತು. ತಂಗಿಯು ಒಂದು ವರ್ಷ ಓದಿದರೆ ‘ಇನ್ನೂ ಮದುವೆಯಾಗಲಿಲ್ಲವೇ’ ಎನ್ನುವದು. ಊರೆಂದರೆ ಯಾರು? ಆ ಜಗಲಿಯ ಮೇಲೆ ಕುಳಿತಿದ್ದ ನಾವೇ ಐದು ಮಂದಿ.

ಕಾಫಿ ಬಂದ ಮೇಲೆ ನಾವು ಹುಡುಗಿಯನ್ನೇ ಕರೆದು ಕೇಳಿದೆವು. ಅವಳು ಲೋಟಗಳ ತಟ್ಟೆಯನ್ನು ಹಿಡಿದುಕೊಂಡೇ ಹೇಳಿದಳು: “ಅಣ್ಣಂಗೆ ಕೊಟ್ಟಷ್ಟು ಬೇಡ ಅಪ್ಪಾ, ಒಂದು ವರ್ಷ ಸಾಕು. ದುಡ್ಡೂ ಬೇಡ. ಬೆಳಿಗ್ಗೆ ಐದರಿಂದ ಎಂಟರ ತನಕ ಕೆಲಸಕ್ಕೆ ಕರೀಬೇಡಿ, ಅಷ್ಟೇ.”

ತಂದೆಯು ಮಾತಾಡಲಿಲ್ಲ. ದೊಡ್ಡಪ್ಪನವರು ಎಲೆ ಉಗುಳಲು ಅಂಗಳಕ್ಕೆ ಇಳಿದರು. ನಿವೃತ್ತ ಉಪಾಧ್ಯಾಯರು ಮಾತ್ರ ಎದ್ದು, ಕನ್ನಡದಲ್ಲಿ ಓದಿದ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ರುಜು ಆಗಿದೆಯೇ ಎಂದು ಅವಳನ್ನು ಕೇಳಿದರು. ಆಗಿರಲಿಲ್ಲ. “ಸೋಮವಾರ ಭದ್ರಾವತಿಗೆ ಹೋಗೋಣ, ನಾನು ಬರ್ತೀನಿ” ಎಂದು ಅವರು ಹೇಳುತ್ತಿದ್ದಾಗ ಶಿವಮೊಗ್ಗೆಯ ಬಸ್ಸು ಬಂದಿತು, ನಾವು ಹೊರಟೆವು.